ಪೌಣೆ ಮೂರಕ್ಕೆ ಮುರಿಯುವ ಸೇತುವೆ

ಸುಧಾಮಣಿ ಮೇಡಂ ತರಗತಿಗೆ ಹೊಸಬರು ಕಾಲಿಟ್ಟರೆ ಇದು ಗಣಿತದ ಪಾಠವೋ ಬಡಗಿಯ ಕೆಲಸವೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಜೆ.ಪಿ. ನಗರದ ನಮ್ಮ ಶಾಲೆಯಲ್ಲಿ ಅವರು ಗಣಿತದ ಟೀಚರು, ನಾನು ಕನ್ನಡದ್ದು. ತುಂಬಾ ಚುರುಕಾದ ಮಕ್ಕಳಿಗೆ ಶನಿವಾರ ಅವರದೊಂದು ವಿಶೇಷ ತರಗತಿ. ಐಸ್‌ಕ್ರೀಂ ಕಡ್ಡಿಗಳಿಂದ ಸೇತುವೆ ಕಟ್ಟಬೇಕು, ಎಷ್ಟು ತೂಕಕ್ಕೆ ಮುರಿಯುತ್ತದೆಂದು ಲೆಕ್ಕ ಹಾಕಿ ಹೇಳಬೇಕು, ಆಮೇಲೆ ತೂಕದ ಕಲ್ಲು ಇಟ್ಟು ನೋಡಬೇಕು. ಗಣಿತ, ವಿಜ್ಞಾನ, ಎಂಜಿನಿಯರಿಂಗ್ ಎಲ್ಲ ಒಂದೇ ಮೇಜಿನ ಮೇಲೆ. ಬೆಲ್ಲು ಹೊಡೆದರೂ ಅವರಿಗೆ ಕೇಳಿಸದು.

ಈ ವರ್ಷ ಅಲ್ಲಿ ಉಳಿದಿದ್ದು ಒಂದೇ ಸೀಟು. ಅದು ಏಳನೇ ಕ್ಲಾಸಿನ ಶ್ವೇತಾಳಿಗೇ ಸಿಗಬೇಕೆಂದು ಮೇಡಂ ಹಟ ಹಿಡಿದಿದ್ದರು. ವಿಜಯಪುರದ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿರುವ ದುಂಡಪ್ಪನ ಮಗಳು. ಇಂಗ್ಲಿಷಿನಲ್ಲಿದ್ದ ಲಿಖಿತ ಪರೀಕ್ಷೆಯಲ್ಲಿ ಹಿಂದೆ ಬಿದ್ದಳು. ಇನ್ನು ಅವಳಿಗಿದ್ದದ್ದು ಸೇತುವೆಯ ಪರೀಕ್ಷೆ ಮಾತ್ರ. ಹೇಳಿದ ತೂಕಕ್ಕೇ ಸೇತುವೆ ಮುರಿಯಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. ನಡುವೆ ಟೀಚರ್ ಬಾಯಿ ಹಾಕಿದರೆ ಆ ಉತ್ತರ ಲೆಕ್ಕಕ್ಕಿಲ್ಲ.

ಪರೀಕ್ಷೆಯ ದಿನ ಮೇಡಂ ಜೊತೆ ನಾನೂ ಒಳಗಿದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಶಾಲಿನಿ ಮೊದಲ ಸೇತುವೆ ತೋರಿಸಿ ಕೇಳಿದರು. "ಎಷ್ಟಕ್ಕೆ ಮುರಿಯುತ್ತಮ್ಮ?"

"ಅಡೀಚಕ್ಕ ಮುರೀತದ್ರಿ."

"ಅಡಿ ಕೇಳ್ಲಿಲ್ಲ, ತೂಕ ಹೇಳು."

"ಅದನ್ನೇ ಹೇಳಾಕತ್ತೀನ್ರಿ. ಅಡೀಚ." ಗಾಬರಿಯಲ್ಲಿ ಆ ಹುಡುಗಿಗೆ ಮನೆಯ ಮಾತು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ.

ಪಕ್ಕದಲ್ಲಿದ್ದ ಮೇಡಂ ಸೆರಗನ್ನು ಹಿಂಡುತ್ತಿದ್ದರು. ಆ ಮಾತಿನ ಅರ್ಥವನ್ನು ಹೋದ ವಾರವಷ್ಟೇ ಶ್ವೇತಾಳಿಂದ ಕಲಿತಿದ್ದರು. ತಡೆಯಲಾಗಲಿಲ್ಲ.

"ಎರಡೂವರೆ ಕಿಲೋ ಅಂತಿದ್ದಾಳೆ ಮೇಡಂ!"

ಶಾಲಿನಿ ಪೆನ್ನು ಕೆಳಗಿಟ್ಟರು. "ಉತ್ತರ ನೀವೇ ಹೇಳ್ಬಿಟ್ರಲ್ಲ. ಇದು ಹೋಯ್ತು. ಇನ್ನೊಂದು ಸೇತುವೆ ಇದೆ, ನೀವು ಹೊರಗೆ ನಡೀರಿ."

ಇವರು ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು. ಅವರ ಹಿಂದೆಯೇ ಹೊರಬಂದು ಕಾರಿಡಾರಿನಲ್ಲಿ ಅವರ ಮುಖ ನೋಡಿದ ಮೇಲೆ ಅದು ಇಳಿಯಿತು. "ನಾನೇ ಅವಳ ಸೀಟ್ ತಿಂದೆ," ಎಂದು ಗೊಣಗುತ್ತಾ ಗೋಡೆಗೆ ಒರಗಿ ನಿಂತರು.

ಬಾಗಿಲು ತೆರೆಯಿತು. ಶಾಲಿನಿಯ ದನಿ ಈಗ ಸ್ವಲ್ಪ ಮೆತ್ತಗಾಗಿತ್ತು. "ಪೌಣೆ ಮೂರು ಅಂತಿದ್ದಾಳೆ. ಏನು ಅಂತ ಕೇಳಿದ್ರೆ ಅದನ್ನೇ ತಿರುಗಾ ಹೇಳ್ತಾಳೆ. ಈಗ ನಾನೇ ಕೇಳ್ತಿದ್ದೀನಿ, ನೀವು ಹೇಳಬಹುದು. ಎಷ್ಟು?"

ಕನ್ನಡ ಪಾಠ ಮಾಡುವ ನಾನೇ ಕಂಗಾಲಾದೆ. ಪೌಣೆ ಎಂದರೆ ಮುಕ್ಕಾಲು ಎಂದು ಎಲ್ಲೋ ಕೇಳಿದ ನೆನಪು. ಮೂರಕ್ಕೆ ಅದನ್ನು ಸೇರಿಸಬೇಕೋ, ಮೂರರಿಂದ ಏನಾದರೂ ಕಳೆಯಬೇಕೋ? ಮೇಡಂ ಬಾಯಿ ತೆರೆದರು, ಮುಚ್ಚಿದರು. ಹೇಳಿ ಮಾರಾಯ್ತಿ ಎಂದು ನನಗೆ ಕೂಗಬೇಕೆನ್ನಿಸಿತು.

"ನಂಗೊತ್ತಿಲ್ಲ," ಅಂದರು ಕೊನೆಗೆ. "ಬಾಯಲ್ಲಿ ಕೇಳ್ಬೇಡಿ ಮೇಡಂ. ಕಲ್ಲುಗಳನ್ನ ಅವಳ ಕೈಗೇ ಕೊಡಿ."

ನಾವು ಕಿಟಕಿಯಿಂದ ನೋಡಿದೆವು. ಶ್ವೇತಾ ಎರಡು ಕಿಲೋದ ಕಲ್ಲನ್ನು ತಟ್ಟೆಗಿಟ್ಟಳು. ಸೇತುವೆ ಅಲುಗಲಿಲ್ಲ. ಅರ್ಧ ಕಿಲೋ ಇಟ್ಟಳು. ಕಿರ್ ಎಂದಿತು, ನಿಂತಿತು. ಸಾಕೇ ಎಂದು ಶಾಲಿನಿ ಕಣ್ಣಲ್ಲೇ ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿ ಕಾಲು ಕಿಲೋದ ಕಲ್ಲನ್ನು ಎತ್ತಿಕೊಂಡಳು. ಮೇಡಂ ನನ್ನ ರಟ್ಟೆ ಹಿಡಿದಿದ್ದ ಬಿಗಿಗೆ ಉಗುರು ನೆಟ್ಟಿತ್ತು. ಕಲ್ಲು ತಟ್ಟೆಗೆ ತಾಗಿದ್ದೇ ತಡ, ಸೇತುವೆ ನಡು ಮುರಿದು ಬಿತ್ತು. ಎರಡೂಮುಕ್ಕಾಲು ಕಿಲೋ; ಪೌಣೆ ಮೂರು ಅಂದರೆ ಮೂರಕ್ಕೆ ಕಾಲು ಕಡಿಮೆ.

ಸೀಟು ಶ್ವೇತಾಳದ್ದೇ ಎಂದು ಶಾಲಿನಿ ಅಲ್ಲೇ ಹೇಳಿದರು. ಮೇಡಂ ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕುಳಿತರು.

"ನಾನು ಮೂರೂಮುಕ್ಕಾಲು ಅನ್ನೋದ್ರಲ್ಲಿದ್ದೆ ಕಣ್ರೀ," ಅಂದರು.