ಕತ್ತಿಲ್ಲದ ಹಂಸದ ಕಾಲುವೆ ಯಾತ್ರೆ

ಕಳೆದ ತಿಂಗಳು ರಜೆ ಹಾಕಿ ದಢೇಸುಗೂರಿನ ಅಕ್ಕನ ಮನೆಗೆ ಹೋದರೆ, ಎಮ್ಮೆ ಕಟ್ಟುವ ಜಾಗದಲ್ಲಿ ಒಂದು ಹಂಸ ಕೂತಿತ್ತು! ಬಿಳಿ ಮೈ, ಕೆಂಪು ಕೊಕ್ಕು, ಹೊಟ್ಟೆಯಲ್ಲಿ ಸೀಟು.

ಯಾವುದೋ ಪಾರ್ಕಿನ ಕೆರೆಯಲ್ಲಿ ತುಳಿದು ಓಡಿಸುವ ಬೋಟಾಗಿತ್ತಂತೆ. ಪೆಡಲ್ ಮುರಿದ ಮೇಲೆ ದಂಡೆಗೆ ಎಸೆದಿದ್ದರು. ಅಕ್ಕನ ಗಂಡ, ಅಂದರೆ ನಮ್ಮ ಮಾವ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. (ಪುಕ್ಕಟೆ ಎಂದರೆ ಮಾವ ಹಡಗನ್ನೂ ಬಿಡುವವರಲ್ಲ.)

"ಫೈಬರ್ ಐತಿ, ತುಕ್ಕು ಹಿಡಿಯಂಗಿಲ್ಲ. ಎಮ್ಮಿಗೆ ನೀರು ಕುಡಿಯಾಕ ತೊಟ್ಟಿ ಮಾಡಾಕತ್ತೀನಿ" ಎಂದರು.

ಗ್ರೈಂಡರ್ ಮಷಿನ್ ತಂದು ಹಂಸದ ಕತ್ತು ಕೊಯ್ದರು. ಪುಡಿ ಹಾರಿತು. ಬಟ್ಟೆಯ ಮೇಲೆ, ಮೇವಿನ ಮೇಲೆ, ಮಾವನ ಮೈಮೇಲೆ. ಫೈಬರ್ ಗ್ಲಾಸ್ ಎಂದರೆ ಗಾಜಿನ ಎಳೆ, ಸ್ವಾಮಿ! ಸಂಜೆಯ ಹೊತ್ತಿಗೆ ಮನೆಮಂದಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರು. ಎಮ್ಮೆ ಮೇವಿಗೆ ಬಾಯಿ ಹಾಕಲಿಲ್ಲ. ಅಕ್ಕನ ಕಣ್ಣಿನಿಂದ ಚೂರು ತೆಗೆಸಲು ಸಿಂಧನೂರಿನ ಡಾಕ್ಟರ ಬಳಿಗೆ ಓಡಬೇಕಾಯಿತು.

"ಈ ಮನ್ಯಾಗ ಅದಾರ ಇರಬೇಕು, ಇಲ್ಲಾ ನಾನಾರ ಇರಬೇಕು. ಮೊದಲ ಅದನ್ನ ಹೊರಗ ಹಾಕ್ರಿ" ಎಂದಳು ಅಕ್ಕ.

ಹಾಕುವುದೆಲ್ಲಿಗೆ? ಗುಜರಿಯವನು ತಟ್ಟಿ ನೋಡಿ ಕೈಮುಗಿದ. "ಕಬ್ಬಿಣಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಕರಗಂಗಿಲ್ಲ ಸಾವ್ಕಾರ್ರ. ಬ್ಯಾಡ್ರಿ." ಮಾವ ಬೆಂಕಿ ಹಚ್ಚಿದರು. ಕಪ್ಪು ಹೊಗೆ ಎದ್ದದ್ದೇ ತಡ, ಓಣಿಯವರು ಬಂದು ನೀರು ಸುರಿದು, ಬೈದು ಹೋದರು.

ಉಳಿದದ್ದು ಊರ ಪಕ್ಕದ ಕಾಲುವೆ.

"ಬ್ಯಾಡ ಮಾವಾ. ಸಮುದ್ರದ ದಂಡ್ಯಾಗ ಇಂಥಾ ಹಳೇ ಬೋಟು ಬಿಟ್ಟುಬಿಡ್ತಾರ. ಬಿಸಲಿಗೆ ಪುಡಿ ಆಗಿ ಮೀನಿನ ಹೊಟ್ಟಿ ಸೇರತೈತಿ" ಎಂದೆ.

"ಲೇ, ಸಮುದ್ರ ಎಲ್ಲೈತಿ, ನಾವೆಲ್ಲದೀವಿ? ಮುಂದಿನ ಊರವರು ನೋಡ್ಕೋತಾರ ಬಿಡು" ಎಂದು ಮಾವ ದೂಡಿಯೇಬಿಟ್ಟರು.

ಮನಸ್ಸು ತಡೆಯದೆ ಬೈಕಿನಲ್ಲಿ ಕಾಲುವೆಗುಂಟ ಹಿಂಬಾಲಿಸಿದೆ. ಮುಂದಿನ ಊರಿನ ಸೇತುವೆಗೆ ಹಂಸ ಸಿಕ್ಕಿಕೊಂಡಿತ್ತು. ನೀರು ಕಟ್ಟಿತೆಂದು ಜನ ಬಿದಿರಿನ ಗಳ ಹಿಡಿದು ಬಂದಿದ್ದರು.

"ಹಗ್ಗ ಹಾಕಿ ಮ್ಯಾಲ ಎಳಿಯೋಣ್ರೀ" ಎಂದೆ.

"ಎಳದು? ನಿಮ್ಮ ಮನಿ ಮುಂದ ಇಟ್ಕೋತೀರೇನು?" ಎಂದರೊಬ್ಬರು.

ಎಲ್ಲರೂ ಸೇರಿ ಗಳ ಹಾಕಿ ಒತ್ತಿದರು. ಹಂಸ ಸೇತುವೆ ದಾಟಿತು. ಊರಿಗೆ ಊರೇ ನಿರಾಳ. (ಇಷ್ಟು ಒಗ್ಗಟ್ಟು ನಮ್ಮಲ್ಲಿ ಬೇರೆ ಯಾವುದಕ್ಕಾದರೂ ಕಂಡಿದ್ದೀರಾ?)

"ಇನ್ನ ಮುಂದಿನ ಊರವರು ನೋಡ್ಕೋತಾರ" ಎಂದರು ಅವರೂ.

ಕಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ನಮ್ಮ ಕಸವೆಲ್ಲ ಸಾಗುವುದೇ ಹೀಗೆ. ಪ್ರತಿ ಊರಿಗೂ ಮುಂದೊಂದು ಊರು ಇದ್ದೇ ಇದೆ.

ಅಲ್ಲಾ, ಸಮುದ್ರಕ್ಕೆ ಮುಂದಿನ ಊರು ಯಾವುದು?