ನನ್ನ ಕೈ ತೂಗಿಕೊಂಡು ಹೋದವರು

ಮುಂಬಯಿಯ ಸಯನ್‌ನ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಇಡ್ಲಿ ಹಿಟ್ಟು ಹದ ಮಾಡಿದವಳು ನಾನು. ಹೋದ ವರ್ಷ ಧಣಿಗಳು ಅದನ್ನು ಒಂದು ಫಂಡಿನವರಿಗೆ ಮಾರಿದರು. ಶ್ರೀಮಂತರ ದುಡ್ಡು ತಂದು ಹೋಟೆಲು ಕೊಳ್ಳುವುದು, ದೊಡ್ಡದು ಮಾಡಿ ಮತ್ತೆ ಮಾರುವುದು, ಅದೇ ಅವರ ಕೆಲಸವಂತೆ.

ಪವಾಯಿಯ ಅವರ ಆಫೀಸಿನಿಂದ ಒಬ್ಬಳು ಹುಡುಗಿ ಸಣ್ಣ ತಕ್ಕಡಿ ಹಿಡಿದು ಬಂದು, ನಾಲ್ಕು ದಿನ ನನ್ನ ಪಕ್ಕವೇ ನಿಂತಳು.

"ಅಜ್ಜಿ, ನಮಕ್ ಎಷ್ಟು? ಎಕ್ಸಾಕ್ಟ್ ಹೇಳಿ ನಾ."

"ಉಪ್ಪಿನ ಲೆಕ್ಕ ಕೈಗೆ ಗೊತ್ತುಂಟು ಮಗಾ, ನನಗೆ ಗೊತ್ತಿಲ್ಲ."

"ಹಾಗಾದ್ರೆ ಕೈಯನ್ನೇ ತೂಗ್ತೇನೆ," ಎಂದು ನಕ್ಕಳು. ನಾನು ಹಿಡಿದ ಒಂದೊಂದು ಮುಷ್ಟಿಯನ್ನೂ ತೂಗಿ ಬರೆದುಕೊಂಡಳು. ಪಗಾರ ಹೆಚ್ಚಾದೀತೆಂದು ನಾನು ಏನೂ ಮುಚ್ಚಿಡಲಿಲ್ಲ. ಮೆಂತೆ ಎಷ್ಟು ಹೊತ್ತು ನೆನೆಯಬೇಕೆಂದು ನನ್ನ ಅತ್ತೆ ಕಲಿಸಿದ್ದನ್ನೂ ಹೇಳಿಬಿಟ್ಟೆ. ಐದನೇ ದಿನ ಮೆನೇಜರು ಎರಡು ತಿಂಗಳ ಪಗಾರ ಕೈಗಿಟ್ಟು, "ಮೆಷಿನ್ ಬರ್ತದೆ ಅಮ್ಮ, ನೀವಿನ್ನು ಆರಾಮ ಮಾಡಿ," ಎಂದ.

ಮೊನ್ನೆ ಸೊಸೆ ದಾದರಿನಿಂದ ಅದೇ ಹೋಟೆಲಿನ ಹೆಸರಿದ್ದ ಹಿಟ್ಟಿನ ಪ್ಯಾಕೆಟ್ ತಂದು ಇಡ್ಲಿ ಬೇಯಿಸಿದಳು. ಒಂದು ತುಂಡು ಬಾಯಿಗಿಟ್ಟೆ. ಅದು ನನ್ನದೇ ಕೈರುಚಿ. ಅದರ ಹಿಂದೆ, ಸತ್ತು ಇಪ್ಪತ್ತು ವರ್ಷವಾದ ನನ್ನ ಅತ್ತೆಯ ಕೈ. ಅವಳು ಒಲೆಯ ಹತ್ತಿರ ನಿಂತಿದ್ದಾಳೆಯೇ ಎಂದು ತಿರುಗಿಯೂ ನೋಡಿದೆ.

"ಹೇಗುಂಟು ಅತ್ತೆ?" ಎಂದಳು ಸೊಸೆ.

"ಸತ್ತವರು ಮಾಡಿದ ಹಾಗುಂಟು."

ಅವಳು ತಟ್ಟೆ ಕೆಳಗಿಟ್ಟಳು. ನಾನು ಇನ್ನೆರಡು ಹಾಕಿಸಿಕೊಂಡೆ.