ಪಾಂಡವರ ಗುಪ್ಪೆಯ ಮಹಜರು

ನಾನು ನಿಂತಿದ್ದುದು ಕಲ್ಲುಗುಪ್ಪೆಯಿಂದ ಪಶ್ಚಿಮಕ್ಕೆ ಇಪ್ಪತ್ತು ಹೆಜ್ಜೆ ದೂರದಲ್ಲಿ. ಹೊತ್ತು ಹುಟ್ಟಿ ಒಂದು ಮಾರು ಮೇಲೇರಿತ್ತು. ಕುರಿ ಕಾಯುವ ಮುದ್ದಣ್ಣ ಅದರೊಳಗಿನ ಗುಂಡಿಯನ್ನು ಕಲ್ಲಿನಿಂದ ಮುಚ್ಚುತ್ತಿದ್ದ. ಅದನ್ನು ಕಣ್ಣಾರೆ ಕಂಡೆ — ಕಂಡು, ಅವನು ಅಗೆಯುತ್ತಿದ್ದನೆಂದು ಬರೆದೆ.

ಆಗ ಮಹಾರಾಜರ ಕಾಲ. ಕೊಡಿಗೇನಹಳ್ಳಿಗೆ ಹತ್ತಿರದ ಒಂದು ಊರಿನಲ್ಲಿ ನಾನು ಶಾಲೆಯ ಮೇಷ್ಟ್ರು. ಊರ ಗೋಮಾಳದ ಬೋಳು ಬಯಲಿನಲ್ಲಿ ಆಳೆತ್ತರದ ಆ ಗುಪ್ಪೆಯಿತ್ತು. ಯಾವುದೋ ಕಾಲದವರು ತಮ್ಮ ಸತ್ತವರನ್ನು ಅದರೊಳಗೆ ಇಟ್ಟಿದ್ದರು. ಜನ ಪಾಂಡವರ ಗುಪ್ಪೆ ಎನ್ನುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುವವರು ಅದರ ಮೇಲೊಂದು ಕಲ್ಲಿಟ್ಟೇ ಮುಂದೆ ಹೋಗುವುದು ವಾಡಿಕೆ. ಮುದ್ದಣ್ಣನಂತೂ ಒಂದು ದಿನವೂ ತಪ್ಪಿಸಿದವನಲ್ಲ.

ನಿಧಿಯಿದೆಯೆಂದು ಅದನ್ನು ಅಗೆಸಿದವನು ಪಟೇಲ, ಊರಿಗೆಲ್ಲ ಗೊತ್ತಿತ್ತು. ಸಿಕ್ಕಿದ್ದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣದ ಚೂರು, ಮೂಳೆ. ಎಲ್ಲವನ್ನೂ ಬಯಲಿಗೆ ಎಸೆದು ಹೋದರು. ಮರುದಿನ ಬೆಳಗ್ಗೆ ಮುದ್ದಣ್ಣ ಆ ಮೂಳೆಗಳನ್ನು ಕಂಬಳಿಯಲ್ಲಿ ಆಯ್ದು ತಂದು ಒಳಗಿಟ್ಟು, ಮೇಲೆ ಕಲ್ಲು ಹೇರುತ್ತಿದ್ದ. ಸುದ್ದಿ ಮೇಲಿನವರಿಗೆ ಮುಟ್ಟೀತೆಂದು ಹೆದರಿದ ಪಟೇಲ, ಮಹಜರು ಬರೆಯಲು ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದಿದ್ದ.

"ಬರೀರಿ ಮೇಷ್ಟ್ರೇ. ಮುದ್ದ ಅಗೀತಿದ್ದ, ನಾವು ಬಂದು ಹಿಡುದ್ವಿ."

ಮುದ್ದಣ್ಣ ನಕ್ಕೇಬಿಟ್ಟ. "ಅಗ್ಯೋನು ಯಾವನಾದ್ರೂ ಗುಂಡಿಗೆ ಕಲ್ಲು ತುಂಬ್ತಾನಾ ಪಟೇಲ್ರೇ? ಮೇಷ್ಟ್ರು ನೋಡವ್ರೆ. ಅವ್ರನ್ನೇ ಕೇಳ್ಬುಡಿ."

ಯಾರೂ ಕೇಳಲಿಲ್ಲ. ಬರೆದೆ — ಅವನ ಕೈಗೆ ಮೆತ್ತಿದ್ದ ಮಣ್ಣನ್ನೂ ಬಿಡದೆ ಬರೆದೆ. ಕೊನೆಗೆ ವಿಚಾರಣೆಯಲ್ಲಿ ಆ ಮಣ್ಣೇ ಸಾಕ್ಷಿಯಾಯಿತು. "ಅಕ್ಷರ ಮುತ್ತಿನಂಗವೆ ಕಣ್ರೀ" ಎಂದು ಪಟೇಲ ಹೊಗಳಿದ. ಥೂ — ಆ ಹೊಗಳಿಕೆಗೆ ನಾನು ತಲೆಬಾಗಿಸಿ ನಕ್ಕೆನಲ್ಲ!

ಸೆರೆಯಿಂದ ಬಂದ ಮುದ್ದಣ್ಣನನ್ನು, ಎಲ್ಲ ಗೊತ್ತಿದ್ದ ಊರೇ ಹೆಣಗಳ್ಳನೆಂದು ಕರೆಯಿತು. ಅವನ ನೆಂಟರೇ ಊಟದ ಪಂಕ್ತಿಯಿಂದ ಎಬ್ಬಿಸಿದರು. ಆ ಹೆಸರನ್ನು ಹೊತ್ತೇ ಅವನು ಸತ್ತ. ಹೆದರಿ ಬರೆದೆನೆಂದು ಹೇಳಿಕೊಳ್ಳೋಣವೆಂದರೆ — ಪಟೇಲ ನನ್ನನ್ನು ಬೆದರಿಸಲೂ ಇಲ್ಲ. ಬರೀರಿ ಎಂದ, ಅಷ್ಟಕ್ಕೇ ಬರೆದೆ. ಇಂಥವನ ಮುಂದೆ ಮಕ್ಕಳು ಮತ್ತೆ ಹನ್ನೆರಡು ವರ್ಷ ಕೈಕಟ್ಟಿ ನಿಂತರು!

ನನ್ನ ಮಾತನ್ನು ಇನ್ನು ಯಾರು ನಂಬಬೇಕು? ನಂಬದವರು ಆ ಊರಿಗೆ ಹೋಗಿ ಕೇಳಿ. ಅಂದು ಬಯಲಲ್ಲಿ ಸಗಣಿ ಆಯುತ್ತಿದ್ದ ಹೆಂಗಸೊಬ್ಬಳು ನನಗಿಂತ ಹತ್ತಿರದಿಂದ ಎಲ್ಲವನ್ನೂ ಕಂಡಳು. "ಅಯ್ಯೋ, ಅವ್ನು ಮುಚ್ತಾವ್ನೆ ಕಣಪ್ಪಾ!" ಎಂದು ಎರಡು ಸಲ ಕೂಗಿ ಹೇಳಿದಳು. ಆ ಮಾತನ್ನು ಮಹಜರಿನಲ್ಲಿ ಬರೆಯದೆ ಬಿಟ್ಟವನು ಪಟೇಲನಲ್ಲ, ನಾನು. ಆಕೆ ಇನ್ನೂ ಬದುಕಿದ್ದಾಳೆ. ಹೆಸರು ಸಣ್ಣಕ್ಕ.